ಫೆಲೋಶಿಪ್ ಸಿಗದಿದ್ದರೆ ಪ್ರಶ್ನೆಯೇ ಬದಲಾಗುತ್ತದೆ

2025ರ ಜುಲೈ 14ರಂದು ಸಾಗರ ತಾಲ್ಲೂಕಿನ ಸಿಗಂದೂರು ಸೇತುವೆ ಓಡಾಟಕ್ಕೆ ತೆರೆಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಶರಾವತಿ ಹಿನ್ನೀರಿನ ಮೇಲೆ ಸುಮಾರು ಎರಡೂವರೆ ಕಿಲೋಮೀಟರ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆಮೇಲೆ ತುಮರಿ, ಕರೂರು ಕಡೆಯ ಜನ ಲಾಂಚ್ ನಂಬಿಕೊಂಡೇ ಬದುಕಿದವರು. ಕತ್ತಲಾದ ಮೇಲೆ ಲಾಂಚ್ ಇಲ್ಲ. ಬೇಸಿಗೆಯಲ್ಲಿ ನೀರು ತಗ್ಗಿದರೆ ವಾಹನ ಹತ್ತಿಸುವುದಿಲ್ಲ. ಹೆರಿಗೆ ನೋವು ಬಂದರೂ, ಅಡಿಕೆ ಮಂಡಿಗೆ ಹೋಗಬೇಕಾದರೂ ಹೊಳೆ ದಾಟುವ ಹೊತ್ತು ನೋಡಿಕೊಂಡೇ ಹೊರಡಬೇಕಿತ್ತು.

ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡುವವರಿಗೆ ಇಂಥ ಅವಕಾಶ ಜೀವಮಾನದಲ್ಲಿ ಒಂದು ಸಲ ಸಿಕ್ಕರೆ ಹೆಚ್ಚು. ದೊಡ್ಡ ಬದಲಾವಣೆಯೊಂದು ಬರುತ್ತಿದೆ, ಬರುವುದು ಮೊದಲೇ ಗೊತ್ತಿದೆ. ಅದಕ್ಕೆ ಮುಂಚೆ ಒಂದು ಚೀಲ ಅಡಿಕೆ ಸಾಗರಕ್ಕೆ ಮುಟ್ಟಿಸಲು ಎಷ್ಟು ಖರ್ಚಾಗುತ್ತಿತ್ತು? ಎಸ್ಸೆಸ್ಸೆಲ್ಸಿ ಮುಗಿಸಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಪಿಯುಸಿಗೆ ಹೋದರು? ಕೂಲಿ ಎಷ್ಟಿತ್ತು, ಜಾಗದ ಬೆಲೆ ಎಷ್ಟಿತ್ತು? ಇದೇ ಪ್ರಶ್ನೆಗಳನ್ನು ಸೇತುವೆ ಬಂದ ಎರಡು ವರ್ಷಕ್ಕೆ, ಐದು ವರ್ಷಕ್ಕೆ ಮತ್ತೆ ಕೇಳಬಹುದು. ಆದರೆ ಸೇತುವೆಗೆ ಮೊದಲು ಬರೆದಿಟ್ಟುಕೊಂಡ ಲೆಕ್ಕ ಕೈಯಲ್ಲಿದ್ದರೆ ಮಾತ್ರ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಆಗುತ್ತದೆ.

ನನ್ನ ಹತ್ತಿರ ಬಿಎ ಓದಿದ ಹುಡುಗಿಯೊಬ್ಬಳು ಇದನ್ನು ಮಾಡಬೇಕೆಂದು ಹೊರಟಿದ್ದಳು. 2022ರಲ್ಲಿ ಪಿಎಚ್‌ಡಿಗೆ ಸೇರಿದಳು. ಹಿನ್ನೀರಿನ ಆಚೆಗಿನ ಹಳ್ಳಿಗಳ ಮುನ್ನೂರು ಮನೆಗಳ ಸರ್ವೆ ಅವಳ ಯೋಜನೆ. ಸರ್ಕಾರ ತಿಂಗಳು ತಿಂಗಳು ಕೊಡುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಎರಡು ಸಲ ಸ್ವಲ್ಪದರಲ್ಲಿ ತಪ್ಪಿತು. ಬೇರೆ ಫೆಲೋಶಿಪ್ ಯಾವುದೂ ಆಗಲಿಲ್ಲ. ಮನೆಯಿಂದ ಹಣ ಕೇಳುವ ಪರಿಸ್ಥಿತಿ ಇರಲಿಲ್ಲ. ಕೊನೆಗೆ ವಿಷಯ ಬದಲಿಸಿ, ಬ್ಯಾಂಕುಗಳ ವಸೂಲಾಗದ ಸಾಲದ ಬಗ್ಗೆ, ಇಂಟರ್ನೆಟ್ಟಿನಲ್ಲಿ ಸಿಗುವ ಅಂಕಿ-ಅಂಶ ಇಟ್ಟುಕೊಂಡು ಕೆಲಸ ಶುರು ಮಾಡಿದಳು. ಅದು ಕೆಟ್ಟ ವಿಷಯ ಅಂತ ನಾನು ಹೇಳುತ್ತಿಲ್ಲ. ಆದರೆ ಆ ವಿಷಯವನ್ನು ದೆಹಲಿಯಲ್ಲಿ ಕೂತವರೂ ಮಾಡಬಹುದು. ತುಮರಿಯ ಲೆಕ್ಕ ಹಾಗಲ್ಲ, ಅಲ್ವಾ?

ಫೆಲೋಶಿಪ್ ಅಂದರೆ ಬಡ ವಿದ್ಯಾರ್ಥಿಯ ಊಟ, ಹಾಸ್ಟೆಲ್ ಖರ್ಚು ಎಂದು ನಾವು ತಿಳಿದುಕೊಂಡಿದ್ದೇವೆ. ಅದೂ ನಿಜವೇ. ಆದರೆ ಒಂದು ನಾಡಿನ ಬಗ್ಗೆ ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನೂ ಆ ಹಣವೇ ತೀರ್ಮಾನಿಸುತ್ತಿದೆ. ಮಲೆನಾಡಿನ ಮಟ್ಟಿಗೆ ಇದು ತುಂಬ ದುಬಾರಿಯಾಗುತ್ತಿದೆ.

ಮೊದಲು ಹಣ ಎಲ್ಲಿಂದ ಬರುತ್ತದೆ ನೋಡೋಣ. ಅರ್ಥಶಾಸ್ತ್ರದ ಪಿಎಚ್‌ಡಿ ವಿದ್ಯಾರ್ಥಿಗೆ ಮುಖ್ಯ ದಾರಿ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ಜೆಆರ್‌ಎಫ್. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಅಂಕ ತೆಗೆದವರಿಗೆ ಸಿಗುತ್ತದೆ. 2010ರಲ್ಲಿ ತಿಂಗಳಿಗೆ 16,000 ರೂಪಾಯಿ ಇತ್ತು. 2014ರ ಕೊನೆಗೆ 25,000 ಆಯಿತು. 2019ರಲ್ಲಿ 31,000. 2023ರ ಜನವರಿ 1ರಿಂದ ಮೊದಲ ಎರಡು ವರ್ಷ 37,000, ಆಮೇಲೆ ಪ್ರಗತಿ ನೋಡಿ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಎಂದು 42,000. ಬಾಡಿಗೆ ಭತ್ಯೆ ಬೇರೆ. ನಮ್ಮ ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟದಲ್ಲೋ ಶಿವಮೊಗ್ಗದಲ್ಲೋ ಇರುವವರಿಗೆ ಇದು ಮರ್ಯಾದೆಯಿಂದ ಬದುಕಲು ಸಾಕಾಗುವ ಹಣ. ಸಿಕ್ಕವರ ಮಟ್ಟಿಗೆ ತೊಂದರೆ ಕಡಿಮೆ.

ಎಷ್ಟು ಜನಕ್ಕೆ ಸಿಗುತ್ತದೆ ಅನ್ನುವುದರಲ್ಲಿ ತೊಂದರೆ ಇದೆ. ನೆಟ್‌ನ ಎರಡೂ ಪತ್ರಿಕೆ ಬರೆದವರಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರಾಗುವವರೇ ಶೇ 6. ಜೆಆರ್‌ಎಫ್ ಅದರಲ್ಲೂ ಒಂದು ಪಾಲು. ಇನ್ನೊಂದು ವಿಷಯವನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಅರ್ಥಶಾಸ್ತ್ರದ ನೆಟ್ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹಿಂದಿ ಮಾಧ್ಯಮದಲ್ಲಿ ಓದಿದವರು ತಮ್ಮ ಭಾಷೆಯಲ್ಲೇ ಪ್ರಶ್ನೆ ಓದಿ ಉತ್ತರಿಸುತ್ತಾರೆ. ಹೊಸನಗರ, ಸೊರಬ, ತೀರ್ಥಹಳ್ಳಿಯ ಸರ್ಕಾರಿ ಕಾಲೇಜುಗಳಲ್ಲಿ ಕನ್ನಡದಲ್ಲಿ ಬಿಎ ಮಾಡಿದವರಿಗೆ ಆ ಅನುಕೂಲ ಇಲ್ಲ. ಮೂರು ಗಂಟೆಯಲ್ಲಿ 150 ಪ್ರಶ್ನೆ. ವಿಷಯ ಗೊತ್ತಿದ್ದೂ ಪ್ರಶ್ನೆ ಅರ್ಥ ಮಾಡಿಕೊಳ್ಳುವುದಕ್ಕೇ ಸಮಯ ಹೋಗುತ್ತದೆ. ಇದನ್ನು ನಾನು ಪ್ರತಿ ವರ್ಷ ಕಣ್ಣಾರೆ ನೋಡುತ್ತಿದ್ದೇನೆ. ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವ ಪರೀಕ್ಷೆಯಿಂದ ಒಬ್ಬಳು ಹಳ್ಳಿಗೆ ಹೋಗಿ ಜನರ ಹತ್ತಿರ ಲೆಕ್ಕ ಕೇಳಿ ಬರಬಲ್ಲಳೇ ಅನ್ನುವುದೂ ಗೊತ್ತಾಗುವುದಿಲ್ಲ.

ಜೆಆರ್‌ಎಫ್ ತಪ್ಪಿದರೆ ಪರಿಶಿಷ್ಟ ಜಾತಿಯವರಿಗೆ ರಾಷ್ಟ್ರೀಯ ಫೆಲೋಶಿಪ್ ವರ್ಷಕ್ಕೆ 2,000, ಹಿಂದುಳಿದ ವರ್ಗದವರಿಗೆ 1,000, ಪರಿಶಿಷ್ಟ ಪಂಗಡದವರಿಗೆ 750. ಇಡೀ ದೇಶಕ್ಕೆ, ಎಲ್ಲ ವಿಷಯಗಳಿಗೂ ಸೇರಿ ಇಷ್ಟು. ಅಲ್ಪಸಂಖ್ಯಾತರಿಗೆ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿತು. ಬೇರೆ ಯೋಜನೆಗಳಲ್ಲೂ ಅವರಿಗೆ ಅವಕಾಶ ಇದೆ ಅನ್ನುವುದು ಕೊಟ್ಟ ಕಾರಣ. ಸಮಾಜ ವಿಜ್ಞಾನಗಳಿಗೇ ಮೀಸಲಾದದ್ದು ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಫೆಲೋಶಿಪ್. ತಿಂಗಳಿಗೆ 20,000, ಅದೂ ಎರಡು ವರ್ಷಕ್ಕೆ ಮಾತ್ರ. ಪಿಎಚ್‌ಡಿ ಮಾತ್ರ ಯುಜಿಸಿ ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು.

ಇದರ ಜೊತೆಗೆ ನೆಟ್ ಮೂಲಕ ಫೆಲೋಶಿಪ್ ಸಿಗದವರಿಗೆ ನಾನ್-ನೆಟ್ ಫೆಲೋಶಿಪ್ ಎಂದು ಒಂದಿದೆ. ತಿಂಗಳಿಗೆ 8,000 ರೂಪಾಯಿ. 2015ರಲ್ಲಿ ಯುಜಿಸಿ ಇದನ್ನು ನಿಲ್ಲಿಸಲು ಹೊರಟಾಗ ವಿದ್ಯಾರ್ಥಿಗಳು ದೆಹಲಿಯಲ್ಲಿ ಯುಜಿಸಿ ಕಚೇರಿ ಮುಂದೆ ಕೂತು ಉಳಿಸಿಕೊಂಡರು. ಆದರೆ ಅದು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಮಾತ್ರ. ಅಂದರೆ ಕಲಬುರಗಿ ಹತ್ತಿರದ ಕಡಗಂಚಿಯಲ್ಲಿ ಕೇಂದ್ರೀಯ ವಿವಿಗೆ ಸೇರಿದವರಿಗೆ ಆ ದಾರಿ ಇದೆ. ಶಂಕರಘಟ್ಟದಲ್ಲಿ ಸೇರಿದವರಿಗೆ ಇಲ್ಲ. ಓದುವ ವಿಷಯ ಒಂದೇ, ಕೊನೆಗೆ ಸಿಗುವ ಪದವಿಯೂ ಒಂದೇ.

ಇಷ್ಟೂ ಬಾಗಿಲು ಮುಚ್ಚಿದರೆ ಉಳಿಯುವುದು ಅತಿಥಿ ಉಪನ್ಯಾಸಕರ ಕೆಲಸ. ವಾರಕ್ಕೆ ಹದಿನೈದು ಗಂಟೆ ಪಾಠ, ಬಸ್ಸಿನ ಓಡಾಟ, ಉತ್ತರಪತ್ರಿಕೆ ಮೌಲ್ಯಮಾಪನ. ಉಳಿದ ಹೊತ್ತಿನಲ್ಲಿ ಪಿಎಚ್‌ಡಿ. ಇವರ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಒಬ್ಬ ಮನುಷ್ಯ ಶನಿವಾರ-ಭಾನುವಾರ ಎಷ್ಟು ಹಳ್ಳಿ ಸುತ್ತಬಲ್ಲ?

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಫೆಲೋಶಿಪ್ ಸಿಕ್ಕವರಿಗೂ ಫೀಲ್ಡ್‌ವರ್ಕ್‌ಗೆ ಎಂದು ಎಷ್ಟು ಹಣ ಇದೆ? ಜೆಆರ್‌ಎಫ್ ಜೊತೆ ಕಂಟಿಂಜೆನ್ಸಿ ಎಂದು ಕೊಡುತ್ತಾರೆ. ಪುಸ್ತಕ, ಝೆರಾಕ್ಸ್, ಓಡಾಟ ಎಲ್ಲ ಅದರಲ್ಲೇ. ಸಮಾಜ ವಿಜ್ಞಾನದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000 ರೂಪಾಯಿ, ಆಮೇಲೆ 20,500. ವಿಜ್ಞಾನದವರಿಗೆ 12,000, ಆಮೇಲೆ 25,000. ಅರ್ಥಶಾಸ್ತ್ರದವರಿಗೆ ಪೆನ್ನು, ಪುಸ್ತಕ ಸಾಕು ಅನ್ನುವ ಹಳೇ ನಂಬಿಕೆ ಇದರ ಹಿಂದೆ ಇದೆ. ವಿಜ್ಞಾನದ ವಿದ್ಯಾರ್ಥಿಗೆ ವಿಭಾಗದಲ್ಲೇ ಲ್ಯಾಬ್ ಇರುತ್ತದೆ, ಅದರ ಖರ್ಚು ಬೇರೆ ಕಡೆಯಿಂದ ಬರುತ್ತದೆ. ಅನ್ವಯಿಕ ಅರ್ಥಶಾಸ್ತ್ರದವರ ಲ್ಯಾಬ್ ಇರುವುದು ಹಳ್ಳಿಯಲ್ಲಿ, ಎಪಿಎಂಸಿಯಲ್ಲಿ, ಸೊಸೈಟಿಯ ಕಟ್ಟೆಯ ಮೇಲೆ. ಅಲ್ಲಿಗೆ ಹೋಗಿಬರುವ ಖರ್ಚನ್ನು ಯಾರೂ ಲ್ಯಾಬ್ ಖರ್ಚು ಎಂದು ನೋಡುವುದೇ ಇಲ್ಲ.

ಮುನ್ನೂರು ಮನೆಯ ಸರ್ವೆಗೆ ನಾನು ಆ ಹುಡುಗಿಯ ಜೊತೆ ಕೂತು ಲೆಕ್ಕ ಹಾಕಿದ್ದೆ. ಮಲೆನಾಡಿನಲ್ಲಿ ಊರು ಅಂದರೆ ಸಾಲಾಗಿ ನಿಂತ ಮನೆಗಳಲ್ಲ. ಗುಡ್ಡದ ಮೇಲೆ ಒಂದು, ತೋಟದ ಆಚೆ ಒಂದು. ಒಂದು ಮನೆಗೂ ಇನ್ನೊಂದಕ್ಕೂ ಅರ್ಧ ಕಿಲೋಮೀಟರ್ ನಡೆಯಬೇಕು. ದಿನಕ್ಕೆ ಮೂರು ಮನೆ ಆದರೆ ಪುಣ್ಯ. ಹಾಗಾದರೆ ನೂರು ದಿನ. ದಿನಕ್ಕೆ ಪೆಟ್ರೋಲು, ಊಟಕ್ಕೆ 500 ಹಿಡಿದರೆ 50,000. ಹೆಣ್ಣುಮಗಳು ಒಬ್ಬಳೇ ಕಾಡುದಾರಿಯಲ್ಲಿ ಓಡಾಡುವುದು ಬೇಡ ಎಂದು ಸ್ಥಳೀಯರೊಬ್ಬರನ್ನು ಜೊತೆ ಕರೆದುಕೊಂಡರೆ ದಿನಕ್ಕೆ 600, ಒಟ್ಟು 60,000. ಅಲ್ಲಿಗೆ ಒಂದು ಲಕ್ಷ ಹತ್ತು ಸಾವಿರ. ಇದಕ್ಕೆ ವರ್ಷಕ್ಕೆ ಹತ್ತು ಸಾವಿರದ ಕಂಟಿಂಜೆನ್ಸಿ ಯಾವ ಮೂಲೆಗೆ? ಅವಳಿಗೆ ಅದೂ ಇರಲಿಲ್ಲ.

ದಿನಕ್ಕೆ ಮೂರೇ ಮನೆ ಯಾಕೆ ಅಂತ ಕೇಳಬಹುದು. ಅಡಿಕೆ ಬೆಳೆಗಾರರ ಮನೆಯಲ್ಲಿ ಪ್ರಶ್ನಾವಳಿ ಹಿಡಿದು ಕೂತವರಿಗೆ ಗೊತ್ತು. ಮೊದಲು ಕಾಫಿ ಬರುತ್ತದೆ. ಯಾರ ಮಗಳು, ಯಾವ ಊರು, ಎಲ್ಲ ವಿಚಾರಣೆ ಆಗುತ್ತದೆ. "ಕಳೆದ ವರ್ಷ ಎಷ್ಟು ಕ್ವಿಂಟಲ್ ಆಯ್ತು?" ಅಂದರೆ "ಎಂಥ ಆಗೋದು, ಕೊಳೆರೋಗ ಬಂದು ಎಲ್ಲ ಉದುರಿ ಹೋಯ್ತು" ಅನ್ನುವ ಉತ್ತರ. ಅದು ಸುಳ್ಳಲ್ಲ, ಪೂರ್ತಿ ಉತ್ತರವೂ ಅಲ್ಲ. ಒಳಗೆ ಅಡಿಕೆ ಸುಲಿಯುತ್ತಾ ಕೂತ ಹೆಂಗಸರ ಪಕ್ಕ ಒಂದು ಗಂಟೆ ಕೂತರೆ ಬೇರೆ ಲೆಕ್ಕ ಹೊರಗೆ ಬರುತ್ತದೆ. ಸುಲಿಯಲು ಎಷ್ಟು ಜನ ಬಂದರು, ಎಷ್ಟು ರಾತ್ರಿ ಕೂತರು, ಮಂಡಿಯಿಂದ ಮೊದಲೇ ತಂದ ಮುಂಗಡ ಎಷ್ಟು. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟಾಯಿತು, ಬೆಟ್ಟೆ ಎಷ್ಟಾಯಿತು, ಗೊರಬಲು ಎಷ್ಟು ಬಿತ್ತು ಎಂದು ಬಿಡಿಸಿ ಕೇಳುವುದು ಗೊತ್ತಿದ್ದವರಿಗೆ ಮಾತ್ರ ಜನ ಬಿಡಿಸಿ ಹೇಳುತ್ತಾರೆ. ಮೂರನೇ ಸಲ ಹೋದಾಗ ನಿಜವಾದ ಅಂಕಿ ಸಿಗುತ್ತದೆ. ಮೂರು ಸಲ ಹೋಗಬೇಕಾದರೆ ಖರ್ಚು ಜಾಸ್ತಿಯೇ ಆಗುತ್ತದೆ.

ಕಾಲದ ಲೆಕ್ಕ ಇನ್ನೊಂದು. ಅಡಿಕೆಯ ಬಗ್ಗೆ ಕೆಲಸ ಮಾಡುವವರು ಒಂದು ಮಳೆಗಾಲ ಮತ್ತು ಒಂದು ಕೊಯ್ಲು ನೋಡಲೇಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಖರ್ಚು ಮಳೆಗಾಲದಲ್ಲಿ, ಸುಲಿಯುವ ಕೂಲಿ ಚಳಿಗಾಲದಲ್ಲಿ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಫೆಲೋಶಿಪ್ ಹಣ ಬರುವ ರೀತಿಗೆ ಈ ಕಾಲಮಾನ ಗೊತ್ತಿಲ್ಲ. ವಿದ್ಯಾರ್ಥಿ ಪ್ರತಿ ತಿಂಗಳು ಹಾಜರಾತಿ ಕೊಡಬೇಕು, ಗೈಡ್ ಸಹಿ ಆಗಬೇಕು, ವಿಶ್ವವಿದ್ಯಾಲಯ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು, ಆಮೇಲೆ ಖಾತೆಗೆ ಬರಬೇಕು. ಈ ಸರಪಳಿಯಲ್ಲಿ ಎಲ್ಲಿ ಒಂದು ಕೊಂಡಿ ತಪ್ಪಿದರೂ ನಾಲ್ಕು ತಿಂಗಳ ಹಣ ನಿಲ್ಲುತ್ತದೆ. ನವೆಂಬರ್‌ನಲ್ಲಿ ಬರಬೇಕಾದ್ದು ಮಾರ್ಚ್‌ನಲ್ಲಿ ಒಟ್ಟಿಗೆ ಬಂದರೆ ಲೆಕ್ಕಪತ್ರದ ಪ್ರಕಾರ ಬಾಕಿ ಇಲ್ಲ. ಅಷ್ಟು ಹೊತ್ತಿಗೆ ಕೊನೆ (ಅಡಿಕೆ ಗೊನೆ) ಇಳಿಸಿ, ಬೇಯಿಸಿ, ಒಣಗಿಸಿ, ಅಡಿಕೆ ಮಂಡಿಗೆ ಹೋಗಿರುತ್ತದೆ. ಸಂಶೋಧನೆಗೆ ಮತ್ತೊಂದು ವರ್ಷ ಕಾಯಬೇಕು.

ಊರೂರು ಸುತ್ತುವ ಬದಲು ಸರ್ಕಾರದ ಅಂಕಿ-ಅಂಶ ಬಳಸಬಹುದಲ್ಲ ಎಂದು ಹಿರಿಯ ಪ್ರಾಧ್ಯಾಪಕರೇ ಹೇಳುತ್ತಾರೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳು ಒಳ್ಳೆಯವು, ಉಚಿತವಾಗಿಯೂ ಸಿಗುತ್ತವೆ. ಆದರೆ ರಾಜ್ಯದ ಚಿತ್ರ ಕೊಡಲು ಆರಿಸಿದ ಮನೆಗಳನ್ನು ಇಟ್ಟುಕೊಂಡು ಹೊಸನಗರ ತಾಲ್ಲೂಕಿನ ಬಗ್ಗೆ ಮಾತಾಡಲು ಬರುವುದಿಲ್ಲ. ಅಷ್ಟು ಕಡಿಮೆ ಮನೆಗಳು ಅಲ್ಲಿಂದ ಬಂದಿರುತ್ತವೆ. ಹಳ್ಳಿ ಮಟ್ಟದ ಅಂಕಿ ಕೊಡುವುದು ಜನಗಣತಿ. ನಮ್ಮ ಕೈಲಿರುವ ಕೊನೆಯ ಜನಗಣತಿ 2011ರದು. ಮುಂದಿನದು 2027ಕ್ಕೆ. ಈ ನಡುವೆ ಭದ್ರಾವತಿಯಲ್ಲಿ 2015ರಲ್ಲಿ ಎಂಪಿಎಂ ಕಾರ್ಖಾನೆ ಕಾಗದ ತಯಾರಿಕೆ ನಿಲ್ಲಿಸಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು, ಕಾರ್ಮಿಕರು ಹೋರಾಟಕ್ಕೆ ಕೂತರು. ಎರಡು ದೊಡ್ಡ ಕಾರ್ಖಾನೆ ನಂಬಿದ್ದ ಊರು ಹೇಗೆ ಬದುಕುತ್ತಿದೆ? ಕ್ವಾರ್ಟರ್ಸ್ ಬಿಟ್ಟವರು ಎಲ್ಲಿ ಹೋದರು? ಅಂಗಡಿಗಳ ವ್ಯಾಪಾರ ಏನಾಯಿತು? ವಿಶ್ವವಿದ್ಯಾಲಯ ಇರುವುದು ಅದೇ ತಾಲ್ಲೂಕಿನಲ್ಲಿ. ಆದರೂ 2011ರ ಅಂಕಿ ಇಟ್ಟುಕೊಂಡು ಇದಕ್ಕೆ ಉತ್ತರ ಹುಡುಕಲು ಆಗುವುದಿಲ್ಲ. ಮನೆಮನೆಗೆ ಹೋಗಬೇಕು.

ಅಳತೆಯ ಬೆಲೆ ಸಾಗರ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1951ರ ಕಾಗೋಡು ಸತ್ಯಾಗ್ರಹ ಹುಟ್ಟಿದ್ದೇ ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ. ಒಡೆಯರ ಕೊಳಗ ದೊಡ್ಡದು, ಗೇಣಿದಾರರು ಮೂರು ಸೇರಿನ ಕೊಳಗ ಕೇಳಿದರು. ರೈತ ನಾಯಕ ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. 1974ರಲ್ಲಿ ದೇವರಾಜ ಅರಸರ ಕಾಲಕ್ಕೆ ಭೂಸುಧಾರಣೆಯ ಕಾಯ್ದೆ ತಿದ್ದುಪಡಿ ಜಾರಿಗೆ ಬರುವ ಹೊತ್ತಿಗೆ ಆ ಕೊಳಗದ ಪ್ರಶ್ನೆ ರಾಜ್ಯದ ಪ್ರಶ್ನೆಯಾಗಿತ್ತು. ಆವತ್ತು ಕೊಳಗ ಎಷ್ಟು ದೊಡ್ಡದು ಎಂದು ಅಳೆದು ತೋರಿಸಿದವರು ಅರ್ಥಶಾಸ್ತ್ರದ ಕೆಲಸವನ್ನೇ ಮಾಡಿದರು.

ಇವತ್ತಿನ ಕೊಳಗಗಳು ಬೇರೆ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಅದರ ಲಾಭ ಅರ್ಧ ಎಕರೆಯವರಿಗೆ ಎಷ್ಟು ಮುಟ್ಟಿತು, ಹತ್ತು ಎಕರೆಯವರಿಗೆ ಎಷ್ಟು? ಕೊನೆ ತೆಗೆಯುವವರ ಕೂಲಿಗೆ ಏನಾದರೂ ಬಂತಾ? ಶರಾವತಿ ಮುಳುಗಡೆ ಸಂತ್ರಸ್ತರ ಮೂರನೇ ತಲೆಮಾರಿಗೆ ಹಕ್ಕುಪತ್ರ ಇಲ್ಲದ ಜಮೀನಿನ ಮೇಲೆ ಸಾಲ ಹೇಗೆ ಹುಟ್ಟುತ್ತದೆ, ಬಡ್ಡಿ ಎಷ್ಟು? ಇವು ಚುನಾವಣೆ ಬಂದಾಗಲೆಲ್ಲ ವೇದಿಕೆ ಮೇಲೆ ಕೇಳಿಬರುವ ವಿಷಯಗಳು. ಅಂಕಿ ಇಲ್ಲದೆ ಮಾತಾಡುತ್ತಾ ಹೋಗುವುದರಿಂದ ದನಿ ಜೋರಾದವರ ಮಾತೇ ನಿಜ ಎಂದಾಗುತ್ತದೆ.

ಏನು ಮಾಡಬಹುದು? ದೊಡ್ಡ ಬದಲಾವಣೆ ದೆಹಲಿಯಲ್ಲಿ ಆಗಬೇಕು. ತಾಂತ್ರಿಕ ಮತ್ತು ವಿಜ್ಞಾನ ಸಂಶೋಧನೆಗೆ ಪ್ರಧಾನಮಂತ್ರಿ ಫೆಲೋಶಿಪ್ ತಿಂಗಳಿಗೆ 70,000ದಿಂದ 80,000ದವರೆಗೆ ಕೊಟ್ಟಿದೆ. ಸಮಾಜ ವಿಜ್ಞಾನಕ್ಕೆ ಅಷ್ಟು ಬೇಡ. ಫೀಲ್ಡ್‌ವರ್ಕ್ ಖರ್ಚನ್ನು ಕಂಟಿಂಜೆನ್ಸಿಯಿಂದ ಬೇರೆ ಮಾಡಿ, ಸಿನಾಪ್ಸಿಸ್ (ಸಂಶೋಧನೆಯ ಯೋಜನಾ ಪತ್ರ) ಒಪ್ಪಿಗೆ ಆದ ಕೂಡಲೇ ಒಂದೂವರೆ-ಎರಡು ಲಕ್ಷದ ಮಿತಿಯಲ್ಲಿ ಕೊಟ್ಟರೂ ಸಾಕು. ಕನ್ನಡದಲ್ಲಿ ನೆಟ್ ಪ್ರಶ್ನೆಪತ್ರಿಕೆ ಕೇಳುವುದು ನಮ್ಮ ಹಕ್ಕು, ರಾಜ್ಯ ಸರ್ಕಾರ ಅದನ್ನು ಪಟ್ಟು ಹಿಡಿದು ಕೇಳಬೇಕು. ವಿಶ್ವವಿದ್ಯಾಲಯದ ಮಟ್ಟದಲ್ಲಿ ಒಂದು ಸಣ್ಣ ಆವರ್ತ ನಿಧಿ ಇದ್ದರೆ, ಫೆಲೋಶಿಪ್ ತಡವಾದ ತಿಂಗಳುಗಳಲ್ಲಿ ಅಲ್ಲಿಂದ ಕೊಟ್ಟು, ಹಣ ಬಂದ ಮೇಲೆ ವಾಪಸ್ ತುಂಬಿಕೊಳ್ಳಬಹುದು. ಇದಕ್ಕೆ ಹೊಸ ಹಣವೂ ಬೇಡ, ಕಾನೂನೂ ಬೇಡ.

ನಾನು ಜಾಸ್ತಿ ಆಸೆ ಇಟ್ಟುಕೊಂಡಿರುವುದು ನಮ್ಮ ಸಹಕಾರ ಸಂಘಗಳ ಮೇಲೆ. ಸಹಕಾರ ಅನ್ನುವುದು ಮಲೆನಾಡಿನ ನೆಲದಲ್ಲಿ ಬೇರು ಬಿಟ್ಟಿದೆ. ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್‌ಕೋಸ್ ಇದೆ, ಕರಾವಳಿಯಲ್ಲಿ ಹುಟ್ಟಿದ ಕ್ಯಾಂಪ್ಕೊ ಇಲ್ಲೂ ಅಡಿಕೆ ಕೊಳ್ಳುತ್ತದೆ, ಊರೂರಲ್ಲಿ ಸೊಸೈಟಿಗಳಿವೆ. ಲಾಭದ ಒಂದು ಪಾಲನ್ನು ಸಹಕಾರ ಶಿಕ್ಷಣ ನಿಧಿಗೆ ಕೊಡುವುದು ಇವುಗಳಿಗೆ ಹೊಸದೂ ಅಲ್ಲ. ವರ್ಷಕ್ಕೆ ಇಬ್ಬರು ಸಂಶೋಧಕರ ಫೀಲ್ಡ್‌ವರ್ಕ್ ಖರ್ಚನ್ನು ಎಲ್ಲ ಸೇರಿ ಹೊರುವುದು ಕಷ್ಟವೇ?

ಇದರಲ್ಲಿ ಒಂದು ಅಪಾಯ ಇದೆ, ಅದನ್ನು ಮುಚ್ಚಿಡಬಾರದು. ಹಣ ಕೊಟ್ಟವರಿಗೆ ಬೇಕಾದ ಉತ್ತರವೇ ಬರಬೇಕು ಎಂದಾದರೆ ಸಂಶೋಧನೆ ಸತ್ತಂತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯೇ ಜೀವನಾಧಾರವಾದ ಊರಿನಲ್ಲಿ ಈ ಮಾತು ಆಡುವುದು ಕಷ್ಟ. ಆದರೆ ನಾಳೆ ಬೇಡಿಕೆ ಕುಸಿದರೆ ಯಾರ ಕೈಯಲ್ಲಿ ಯಾವ ಬದಲಿ ಬೆಳೆ ಇದೆ, ಯಾರಿಗೆ ಇಲ್ಲ ಅನ್ನುವುದು ಬೆಳೆಗಾರರಿಗೇ ಎಲ್ಲರಿಗಿಂತ ಮೊದಲು ಬೇಕಾದ ಲೆಕ್ಕ. ಅದಕ್ಕೇ ಹಣ ವಿಶ್ವವಿದ್ಯಾಲಯದ ಮೂಲಕ ಹೋಗಬೇಕು. ವಿಷಯ ಆರಿಸುವಲ್ಲಿ ಸಂಘದವರು ಸಲಹೆ ಕೊಡಲಿ, ಫಲಿತಾಂಶದಲ್ಲಿ ಕೈ ಹಾಕಬಾರದು. ಸಂಗ್ರಹಿಸಿದ ಅಂಕಿ, ಮನೆಯವರ ಹೆಸರು ತೆಗೆದು, ಎಲ್ಲರಿಗೂ ಸಿಗುವಂತಿರಬೇಕು. ಸಾಗರ ತಾಲ್ಲೂಕಿನ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದವರೂ ಶಂಕರಘಟ್ಟದ ಅರ್ಥಶಾಸ್ತ್ರದವರೂ ಒಂದೇ ಪ್ರಶ್ನಾವಳಿ ಹಿಡಿದು ಹೋದರೆ ಖರ್ಚೂ ಅರ್ಧ ಆಗುತ್ತದೆ.

ಆ ಹುಡುಗಿಯ ಪಿಎಚ್‌ಡಿ ಈಗ ಮುಗಿಯುವ ಹಂತದಲ್ಲಿದೆ. ಹೋದ ದೀಪಾವಳಿಗೆ ಮನೆಗೆ ಬಂದಿದ್ದಳು. ಬ್ಯಾಗಿನಿಂದ ಒಂದು ಉದ್ದ ನೋಟ್‌ಬುಕ್ ತೆಗೆದಳು. 2023ರ ಬೇಸಿಗೆಯಲ್ಲಿ, ಹೊಳೆಯಲ್ಲಿ ಸೇತುವೆಯ ಕಂಬಗಳು ಏಳುತ್ತಿದ್ದಾಗ, ಟ್ಯೂಷನ್ ಹೇಳಿಕೊಟ್ಟು ಕೂಡಿಸಿದ ಹಣದಲ್ಲಿ ಅವಳು ಹೊಳೆಯಾಚೆ ಹದಿನಾಲ್ಕು ಮನೆ ಮುಗಿಸಿದ್ದಳು. ಮನೆಗೊಂದು ಹಾಳೆ. ಸಾಗರ ಆಸ್ಪತ್ರೆಗೆ ಹೋದ ದಿನ, ಲಾಂಚಿಗೆ ಕಾದ ಹೊತ್ತು, ಅಡಿಕೆ ಚೀಲ ಹತ್ತಿಸಿ ಇಳಿಸಿದ ಕೂಲಿ, ಎಲ್ಲ ಪೆನ್ಸಿಲ್‌ನಲ್ಲಿ ಬರೆದದ್ದು. ಹದಿನಾಲ್ಕು ಮನೆ ಇಟ್ಟುಕೊಂಡು ಏನೂ ಸಾಬೀತು ಮಾಡಲು ಬರುವುದಿಲ್ಲ ಅನ್ನುವುದು ಅವಳಿಗೂ ಗೊತ್ತು.

"ಸೇತುವೆ ಆದ್ಮೇಲೆ ಹೋಗಿ ಕೇಳಿದ್ರೆ ಯಾರಿಗೂ ಸರಿಯಾಗಿ ನೆನಪೇ ಇಲ್ಲ ಮೇಡಂ. ಲಾಂಚಿಗೆ ಎಷ್ಟು ಹೊತ್ತು ಕಾಯ್ತಿದ್ರಿ ಅಂದ್ರೆ ಒಬ್ಬರು ಹತ್ತು ನಿಮಿಷ ಅಂತಾರೆ, ಪಕ್ಕದ ಮನೆಯವರು ಎರಡು ಗಂಟೆ ಅಂತಾರೆ" ಅಂದಳು.

ನೋಟ್‌ಬುಕ್ ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾಳೆ. ಮುಂದೆ ಯಾರಾದರೂ ಆ ವಿಷಯ ತೆಗೆದುಕೊಂಡರೆ ಕೊಡಿ ಎಂದಳು.